ಚಪ್ಪಾಳೆಯ ಕೆಳಗಿನ ಸಾಲು

ಬೋಲಿಂಗ್‌ಬ್ರೂಕ್,
ಮಾರ್ಚ್ ೧೯, ೨೦೨೬

ನನ್ನ ಮುಂದೆ ನಿಂತು ಹಾಡಿದ ಜಯಾಗೆ,

ನಿನಗೆ ನಾನು ಕೊನೆಯ ಸಲ ಪತ್ರ ಬರೆದದ್ದು ನಮ್ಮ ನಿಶ್ಚಯವಾದ ಮೇಲೆ, ಬೈಲಹೊಂಗಲದಿಂದ. ಅದಕ್ಕೆ ನೀನು ಒಂದೇ ಸಾಲಿನ ಉತ್ತರ ಕಳಿಸಿದ್ದೆ: "ನಿಮ್ಮ ಅಕ್ಷರ ಇರುವಿ ಸಾಲು ಹೊಂಟಂಗ ಅದಾವ, ಸ್ವಲ್ಪ ದೊಡ್ಡವು ಬರೀರಿ." ಈಗಲೂ ಅವು ದೊಡ್ಡವಾಗಿಲ್ಲ. ಹೇಗೋ ಓದಿಕೊ.

ನೀನು ಹೋದ ಮೇಲೂ ನಾನು ಡೈರಿ ಬಿಡಲಿಲ್ಲ. ಆದರೆ ಬರೆಯಲು ಏನೂ ಇರುತ್ತಿರಲಿಲ್ಲ, ಹವೆ ಬರೆಯುತ್ತಿದ್ದೆ. ಇಂದು ಹನ್ನೆರಡು ಡಿಗ್ರಿ. ಇಂದು ಗಾಳಿ. ಇಂದು ಹಿಮ, ಪಕ್ಕದ ಮನೆಯವರು ನಮ್ಮ ಡ್ರೈವ್‌ವೇ ಕೂಡ ಸ್ವಚ್ಛ ಮಾಡಿಕೊಟ್ಟರು. ಮೊನ್ನೆ ಮಂಗಳವಾರ ಮಾತ್ರ ಹವೆಯ ಬಗ್ಗೆ ಒಂದಕ್ಷರವೂ ಬರೆಯಲಿಲ್ಲ. ಜಯಾ, ನಿನ್ನ ಹಾಡು ಸಿಕ್ಕಿತು. ಒಂದು ಸಾಲು ಬಿಟ್ಟು ಉಳಿದದ್ದೆಲ್ಲ ಸಿಕ್ಕಿತು. ಅದು ಹೇಗೆ ಸಿಕ್ಕಿತೆಂದು ನಿನಗಲ್ಲದೆ ಬೇರೆ ಯಾರಿಗೆ ಹೇಳಲಿ.

ಮುಂದೆ ನಿಂತವರಿಗೆ ಹಿಂದಿನವರು ಕಾಣುವುದಿಲ್ಲ, ಅದಕ್ಕೇ ನಿನಗೆ ಇದು ಗೊತ್ತಿರಲಿಕ್ಕಿಲ್ಲ. ಮೂವತ್ತೈದು ವರ್ಷ ನೀನು ದಪ್ಪು ಬಡಿಯುತ್ತ ಕಿತ್ತೂರಿನ ಗೀಗೀ ಪದ ಹಾಡಿದೆ, ನಾನು ಒಂದೇ ತಂತಿಯ ತುಂತುಣಿ ಹಿಡಿದು ಹಿಂದೆ ನಿಂತು "ಗೀಯ ಗಾ ಗೀಯ ಗಾ" ಎಂದೆ. ಅಷ್ಟೇ ನನ್ನ ಪಾಲು. ನೀನು ಪ್ರತಿ ಕಾರ್ಯಕ್ರಮದಲ್ಲೂ ಸಭೆಗೆ ನನ್ನ ಪರಿಚಯ ಮಾಡುತ್ತಿದ್ದೆ: "ಇವರು ನಮ್ಮ ಮನಿಯವರು. ಇವರದು ಒಂದ ಮಾತು. ಅದೂ ನಾ ನಿಲ್ಲಿಸಿದ ಮ್ಯಾಲೆ." ಜನ ನಗುತ್ತಿದ್ದರು, ನಾನೂ ನಗುತ್ತಿದ್ದೆ. ನಿಜ ಹೇಳಬೇಕೆಂದರೆ ನಾನು ನಿನ್ನ ಮಾತುಗಳನ್ನು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ನಿನ್ನ ಬಲ ಹೆಗಲನ್ನು ನೋಡುತ್ತಿದ್ದೆ. ಅದು ಒಂದಿಷ್ಟು ಇಳಿದರೆ ನನ್ನ ಸರದಿ ಬಂತೆಂದು ಗೊತ್ತಾಗುತ್ತಿತ್ತು. ತಪ್ಪು ಒಮ್ಮೆಯೂ ಆಗಿಲ್ಲ.

ಆ ಪದ ನಿನ್ನ ಅಪ್ಪ ಕಟ್ಟಿದ್ದು. ಕಿತ್ತೂರಿನ ಮೊದಲ ಯುದ್ಧದ ಪದ. ಕಂಪನಿಯ ದಂಡು ತೋಪುಗಳನ್ನು ತಂದು ಕೋಟೆಯ ಬಾಗಿಲ ಮುಂದೆ ನಿಂತದ್ದು, ಬಾಗಿಲು ತೆಗೆಯಿರಿ ಎಂದು ಗಡುವು ಕೊಟ್ಟದ್ದು, ಬಾಗಿಲು ತೆಗೆದದ್ದು ಹೌದು, ಆದರೆ ಒಳಗಿನಿಂದ ಕಿತ್ತೂರಿನವರು ಪ್ರವಾಹದ ಹಾಗೆ ಹೊರಗೆ ಬಂದದ್ದು. ಅಲ್ಲಿಗೆ ನಿನ್ನ ಪದ ನಿಲ್ಲುತ್ತಿತ್ತು. ಮುಂದೇನಾಯಿತು ಎಂದು ಯಾರಾದರೂ ಕೇಳಿದರೆ, "ಡಿಸೆಂಬರದಾಗ ಮತ್ತ ಬಂದ್ರು, ಕಿಲ್ಲೆ ಹೋತು, ರಾಣಿ ಸೆರಿ ಆದ್ಲು, ಅದು ಎಲ್ಲಾರಿಗೂ ಗೊತ್ತೈತಿ. ನಮ್ಮಪ್ಪ ಅಕ್ಟೋಬರಕ್ಕ ನಿಲ್ಲಿಸ್ತಿದ್ದ, ನಾನೂ ನಿಲ್ಲಿಸ್ತೀನಿ" ಎನ್ನುತ್ತಿದ್ದೆ. ಯಾರಾದರೂ ಫೋನ್ ಎತ್ತಿ ಹಿಡಿದರೆ ದಪ್ಪು ಬಡಿಯುವುದನ್ನೇ ನಿಲ್ಲಿಸಿಬಿಡುತ್ತಿದ್ದೆ. "ಫೋನು ಕಿಸೇದಾಗ ಇಡ್ರಿ. ಫೋನು ಕಲಿತ್ರ ನೀವು ಕಲಿಯಂಗಿಲ್ಲ."

ಯಾರೂ ಕಲಿಯಲಿಲ್ಲ ಜಯಾ. ಕಿತ್ತೂರು ಗೆದ್ದು ಇನ್ನೂರು ವರ್ಷವಾಯಿತೆಂದು ನೀನು ಅರೋರಾದಲ್ಲಿ ಹಾಡಿದೆ, ಅದೇ ಡಿಸೆಂಬರಿನಲ್ಲಿ ಹೊರಟುಹೋದೆ. ಹೋದ ವರ್ಷ ಅಕ್ಟೋಬರಿನಲ್ಲಿ ಕನ್ನಡ ಸಂಘದ ಹುಡುಗಿಯೊಬ್ಬಳು ಫೋನ್ ಮಾಡಿ, "ಅಂಕಲ್, ಆಂಟಿ ನೆನಪಿಗೆ ಅರ್ಧ ಆದ್ರೂ ಹಾಡಿ" ಎಂದಳು. ನೆಲಮಾಳಿಗೆಯಲ್ಲಿ ಕೂತು ತುಂತುಣಿ ಮೀಟಿದೆ. ಗೀಯ ಗಾ ಗೀಯ ಗಾ. ಅದಾದ ಮೇಲೆ ಎದುರಿಗೆ ಒಗೆಯುವ ಯಂತ್ರ, ಡ್ರೈಯರ್, ನಿನ್ನ ಚಳಿಗಾಲದ ಬೂಟು. ಹೆಗಲಿಲ್ಲ. ಆ ಹುಡುಗಿಗೆ ಆಗುವುದಿಲ್ಲಮ್ಮ ಎಂದು ಹೇಳಿದೆ. ನಿನ್ನ ಅಪ್ಪನ ಪದ ನನ್ನ ಕೈಯಲ್ಲೇ ಮುಗಿಯಿತಲ್ಲ ಎಂದು ಆ ದಿನ ಅನ್ನಿಸಿದ್ದು ಹೋಗಲೇ ಇಲ್ಲ.

ಜನವರಿಯಲ್ಲಿ ಸ್ಮಿತಾ ಬಿಡಲಿಲ್ಲ. "ಅಪ್ಪಾ, ಒಬ್ಬನೇ ಕೂತು ಏನ್ ಮಾಡ್ತೀ ಅಲ್ಲಿ? ಟ್ರೇನ್ ಬುಕ್ ಮಾಡಿದೀನಿ, ಬಾ ಅಷ್ಟೇ" ಎಂದಳು. ಆನ್ ಆರ್ಬರ್‌ನಲ್ಲಿ ಇಳಿದೆ, ಅಳಿಯ ಬಂದು ನೋವೈಗೆ ಕರೆದುಕೊಂಡು ಹೋದ. ನಮ್ಮ ಜಾನ್ವಿ ಈಗ ಐದನೆಯ ಕ್ಲಾಸು, ನಿನ್ನ ಮೂಗು ಇನ್ನೂ ಹೆಚ್ಚು ನಿನ್ನ ಮೂಗಾಗಿದೆ. ಅವಳ ಟೀಚರ್, ಅಮೆರಿಕದವರು ಇಂಗ್ಲಿಷರ ಮೇಲೆ ಮಾಡಿದ ಯುದ್ಧದ ಮೊದಲ ವರ್ಷದಿಂದ ಒಂದು ಸಂಗತಿ ಆರಿಸಿಕೊಂಡು ಕ್ಲಾಸಿನ ಮುಂದೆ ಹೇಳಬೇಕೆಂದಿದ್ದರು. ಇವಳು ಹಿಮದ ಮೇಲೆ ಎಳೆದು ತಂದ ತೋಪುಗಳನ್ನು ಆರಿಸಿಕೊಂಡಿದ್ದಳು. ಅದಕ್ಕೆ ಇನ್ನೂರೈವತ್ತು ವರ್ಷ ತುಂಬಿತೆಂದು ಊರಾಚೆಯ ಒಂದು ಹಳೆಯ ಕಾಲದ ತೋಟದಲ್ಲಿ ನಿಜವಾದ ಎತ್ತುಗಳನ್ನು ಹೂಡಿ ತೋರಿಸುತ್ತಾರಂತೆ, ನೋಡಲು ಹೋಗೋಣ ಅಂದಳು.

ನನಗೆ ಈ ದೇಶದ ಯುದ್ಧದ ವಿಷಯ ಏನೂ ಗೊತ್ತಿರಲಿಲ್ಲ. ಜುಲೈ ನಾಲ್ಕು ರಜೆ, ರಾತ್ರಿ ಪಟಾಕಿ, ಅಷ್ಟೇ. ವೇರ್‌ಹೌಸಿನಲ್ಲಿ ಆ ದಿನ ಕೆಲಸಕ್ಕೆ ಬಂದರೆ ಒಂದೂವರೆ ಪಟ್ಟು ಸಂಬಳ. ಆ ತೋಟದಲ್ಲಿ ಮೂರು ಮೂಲೆಯ ಟೊಪ್ಪಿಗೆ ಹಾಕಿದ ಒಬ್ಬ ಮುದುಕ ಬಿಳಿ ಹೊಲದ ನಡುವೆ ನಿಂತು ಕಥೆ ಹೇಳಿದ. ಜಾನ್ವಿ ಅಲ್ಲಲ್ಲಿ ನನಗೆ ಬಿಡಿಸಿ ಹೇಳಿದಳು. ಕೇಳುತ್ತ ಕೇಳುತ್ತ ನಾನು ಚಳಿ ಮರೆತೆ.

ಬಾಸ್ಟನ್ ಊರಿನ ಒಳಗೆ ಇಂಗ್ಲಿಷರ ದಂಡು. ಸುತ್ತಲೂ ಈ ರೈತರು, ಬಡಗಿಗಳು, ಕಮ್ಮಾರರು. ಕೈಯಲ್ಲಿ ಬಂದೂಕುಗಳಿವೆ, ಆದರೆ ದೊಡ್ಡ ತೋಪು ಸಾಲದು. ತೋಪು ಇರುವುದು ಮುನ್ನೂರು ಮೈಲಿ ಆಚೆ, ಅವರು ಆ ಬೇಸಿಗೆಯ ಮುಂಚೆ ಗೆದ್ದುಕೊಂಡಿದ್ದ ಒಂದು ಕೋಟೆಯಲ್ಲಿ. ನಡುವೆ ಸರೋವರ, ನದಿ, ಬೆಟ್ಟ, ಕಾಡು. ನಾನು ತರುತ್ತೇನೆ ಎಂದು ಹೊರಟವನು ಒಬ್ಬ ಪುಸ್ತಕದ ಅಂಗಡಿಯವನು. ಇಪ್ಪತ್ತೈದು ವರ್ಷದವನು. ತೋಪಿನ ವಿಷಯ ಅವನಿಗೆ ಗೊತ್ತಿದ್ದದ್ದು ಬಹುಪಾಲು ತನ್ನ ಅಂಗಡಿಯ ಪುಸ್ತಕಗಳನ್ನು ಓದಿ. ಮೊದಲು ದೋಣಿ, ಆಮೇಲೆ ಚಕ್ಕಡಿಯ ಹಾಗೆ ದೊಡ್ಡದಾದ ಆದರೆ ಗಾಲಿಯಿಲ್ಲದ ಜಾರುಬಂಡಿ. ಆ ಬಂಡಿ ಜಾರಬೇಕಾದರೆ ಹಿಮ ಬೀಳಬೇಕು. ಅವನು ಹಿಮಕ್ಕಾಗಿ ಕಾದು ಕೂತನಂತೆ. ನಾವು ಮಳೆಗೆ ಕಾಯುವ ಹಾಗೆ ಹಿಮಕ್ಕೆ ಕಾದವನೊಬ್ಬ ಇದ್ದನೆಂದು ನಾನು ಈ ದೇಶಕ್ಕೆ ಬಂದು ಇಷ್ಟು ವರ್ಷವಾದರೂ ಯೋಚಿಸಿರಲಿಲ್ಲ. ನಾನು ಪ್ರತಿ ಚಳಿಗಾಲವೂ ಅದನ್ನು ಬೈದುಕೊಂಡು ಸಲಿಕೆಯಿಂದ ಎತ್ತಿ ಎಸೆದವನು.

ಒಂದು ಕಡೆ ನದಿ ದಾಟುವಾಗ ಮಂಜುಗಡ್ಡೆ ಒಡೆದು ದೊಡ್ಡ ತೋಪು ನೀರಿಗೆ ಬಿತ್ತಂತೆ. ಅದು ಹೋದರೆ ಹೋಯಿತು ಎಂದು ಮುಂದೆ ಹೋಗಬಹುದಿತ್ತು, ಇನ್ನೂ ಎಷ್ಟೋ ಇದ್ದವು. ಆದರೆ ಹೋಗಲಿಲ್ಲ. ಪಕ್ಕದ ಆಲ್ಬನಿ ಊರಿನ ಜನ ಬಂದು ಆ ಚಳಿಯಲ್ಲಿ ಅದನ್ನು ಮೇಲೆತ್ತಿಕೊಟ್ಟರು. ಆ ತೋಪಿಗೆ ಅವರ ಊರಿನ ಹೆಸರನ್ನೇ ಇಟ್ಟರಂತೆ.

ಆಮೇಲೆ ಅಲ್ಲಿಟ್ಟಿದ್ದ ತೋಪನ್ನು ಮುಟ್ಟಲು ಬಿಟ್ಟರು. ಕೈಗವಸು ತೆಗೆದು ಮುಟ್ಟಿದೆ. ನಿನ್ನ ಪದದಲ್ಲಿ ತೋಪು ಯಾವಾಗಲೂ ಎದುರಿಗೆ ಇರುವುದು, ನಮ್ಮ ಬಾಗಿಲಿಗೆ ಬಾಯಿ ತೆರೆದುಕೊಂಡು ಬಂದದ್ದು. ಇಲ್ಲಿ ಅದನ್ನು ಎಳೆದುಕೊಂಡು ಹೋದವರೇ ನಮ್ಮ ಹಾಗಿನವರು. ಎದುರಿಗಿದ್ದವರು ಮಾತ್ರ ಅವರೇ, ಕೆಂಪಂಗಿಯವರು. ನಿನಗೆ ಇದನ್ನು ತೋರಿಸಬೇಕಿತ್ತು. ಕಬ್ಬಿಣ ಎಷ್ಟು ತಣ್ಣಗಿತ್ತೆಂದರೆ ಬೆರಳು ಅಂಟಿದ ಹಾಗಾಯಿತು, ನಾನು ತೆಗೆಯಲಿಲ್ಲ.

ತೋಪಿನ ಜಾರುಬಂಡಿ ಎಳೆಯುತ್ತ ಎತ್ತುಗಳು ಬಂದವು. ಕಡುಗೆಂಪು, ನಮ್ಮ ಕಡೆಯ ಎತ್ತಿನ ಒಂದೂವರೆ ಪಟ್ಟು. ಬೆನ್ನಿನಿಂದ ಹಬೆ ಏಳುತ್ತಿತ್ತು. ತಳಿಯ ಹೆಸರು ಡೆವನ್ ಅಂತೆ. "ಅಜ್ಜಾ, ಲೈಕ್ ಡೆವನ್ ಅವೆನ್ಯೂ" ಎಂದು ಜಾನ್ವಿ ನನ್ನ ಕೋಟು ಎಳೆದಳು, ನಾವು ಕಿರಾಣಿಗೆ ಹೋಗುವ ಬೀದಿಯ ಹೆಸರು. ಬಂಡಿ ಹೊಡೆಯುತ್ತಿದ್ದವಳು ಉಣ್ಣೆಯ ನಿಲುವಂಗಿ ತೊಟ್ಟ ಒಬ್ಬ ಹೆಂಗಸು, ಕೈಯಲ್ಲಿ ತೆಳ್ಳನೆಯ ಕೋಲು. ಹಗ್ಗವಿಲ್ಲ, ಮೂಗುದಾರವಿಲ್ಲ, ಬರೀ ಮಾತು. ಅವಳು ಎತ್ತಿನ ಪಕ್ಕ ನಡೆಯುತ್ತ ಹೊಲದ ತಿರುವಿಗೆ ಬಂದು, ರಾಗವಾಗಿ, ಎಳೆದು, ಕೂಗಿದಳು: "ಗೀ... ಗೀ..."

ಜಯಾ, ನಾನು ಏನೂ ಯೋಚಿಸಲಿಲ್ಲ. ಮುಂದೆ ಹೆಂಗಸು, ರಾಗ, ಗೀ. ಅವಳು ಕೋಲು ಕೆಳಗಿಳಿಸಿದಾಗ ಅವಳ ಬಲ ಹೆಗಲು ಇಳಿಯಿತು. ನನ್ನ ಗಂಟಲಿನಿಂದ ತಾನಾಗಿ, ಜೋರಾಗಿ, ಹೊರಟೇಬಿಟ್ಟಿತು: "ಗೀಯ ಗಾ ಗೀಯ ಗಾ, ಗೀಯ ಗಾ ಗೀಯ ಗಾ."

ಇಂಗ್ಲಿಷ್ ಎತ್ತುಗಳಿಗೆ ಗೀ ಎಂದರೆ ಬಲಕ್ಕೆ ತಿರುಗು ಎಂದು ಅರ್ಥವಂತೆ. ನನಗೇನು ಗೊತ್ತು. ಅವು ಬಲಕ್ಕೆ ತಿರುಗಿದವು. ನಾನು ಇನ್ನೊಮ್ಮೆ ಅಂದೆ, ಇನ್ನೂ ಬಲಕ್ಕೆ ತಿರುಗಿದವು. ಜಾರುಬಂಡಿ ಅಡ್ಡಕ್ಕೆ ಬೀಸಿ, ತೋಪು ಸಮೇತ ಹಿಮದ ಗುಡ್ಡೆಗೆ ಹೊಕ್ಕಿತು. ಜನ ಹೋ ಎಂದರು. ಆ ಹೆಂಗಸು ಎತ್ತುಗಳನ್ನು ನಿಲ್ಲಿಸಿ, ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ನೋಡಿದಳು. "ಸರ್, ಒನ್ ಗೀ ಈಸ್ ಪ್ಲೆಂಟಿ" ಎಂದಳು. ಸ್ಮಿತಾ ಮುಖ ಮುಚ್ಚಿಕೊಂಡಳು. ಅಳಿಯ ಅಖಿಲ್ ನಕ್ಕು ನಕ್ಕು ಬೇಲಿ ಹಿಡಿದುಕೊಂಡ. ನಾನೂ ನಕ್ಕೆ. ನಕ್ಕದ್ದಕ್ಕೆ ನನಗೇ ಆಶ್ಚರ್ಯವಾಯಿತು, ಅಷ್ಟು ದಿನವಾಗಿತ್ತು.

ಎಲ್ಲರೂ ಸೇರಿ ಬಂಡಿಯನ್ನು ಹಿಂದಕ್ಕೆ ತಳ್ಳಿದೆವು. ಆಗ ಜಾನ್ವಿ ಕೇಳಿದಳು: "ದಟ್ಸ್ ಅಜ್ಜಿಸ್ ಸಾಂಗ್, ರೈಟ್? ವಾಟ್ ಕಮ್ಸ್ ನೆಕ್ಸ್ಟ್?"

ಮುಂದಿನದು ನನಗೆ ಗೊತ್ತಿಲ್ಲ ಪುಟ್ಟಿ, ಅಜ್ಜಿಯ ಜೊತೆ ಹೋಯಿತು ಎಂದೆ. ಅವಳು ಸ್ವಲ್ಪ ಹೊತ್ತು ತೋಪು ನೋಡಿದಳು. "ಸೋ ಇಟ್ ಫೆಲ್ ಇನ್ ದ ರಿವರ್. ಅಜ್ಜಾ, ವಿ ಜಸ್ಟ್ ಹ್ಯಾವ್ ಟು ಆಸ್ಕ್ ಪೀಪಲ್" ಎಂದಳು. ನೀರಿಗೆ ಬಿದ್ದಿದೆ, ಜನರನ್ನು ಕೇಳಬೇಕು, ಅಷ್ಟೇ ತಾನೆ. ಅವಳಿಗೆ ಅದು ಅಷ್ಟು ಸುಲಭವಾಗಿ ಕಂಡಿತು. ನನಗೆ ಒಂದು ವರ್ಷ ಹೊಳೆದಿರಲಿಲ್ಲ.

ಮೊದಲು ಸ್ಮಿತಾಳನ್ನೇ ಕೇಳಿದೆವು. ಅವಳಿಗೆ ನೀನು ಜಡೆ ಹಾಕುವಾಗ ಹಾಡಿದ್ದು ನೆನಪಿತ್ತು. ಅಡುಗೆಮನೆಯಲ್ಲಿ ನಿಂತು, ಕೂದಲು ಹಿಂದಕ್ಕೆ ಹಿಡಿದುಕೊಂಡೇ ಹಾಡಿದಳು, ಹಿಡಿಯದಿದ್ದರೆ ಬರುತ್ತಿರಲಿಲ್ಲ. "ಟೋಫು ತಂದಾರ, ಟೋಫಿನ ಬಾಯಿ ತೆರೆದಾರ..." ಜಾನ್ವಿ ನೆಲಕ್ಕೆ ಬಿದ್ದು ನಕ್ಕಳು. "ಅಮ್ಮಾ, ಕ್ಯಾನನ್! ತೋಪು ಮೀನ್ಸ್ ಕ್ಯಾನನ್!" ಪಾಪ, ಸ್ಮಿತಾ ಇಷ್ಟು ವರ್ಷ ಕಿತ್ತೂರಿಗೆ ಇಂಗ್ಲಿಷರು ಟೋಫು ತಂದಿದ್ದರೆಂದೇ ತಿಳಿದಿದ್ದಳು. "ನಾನೇನ್ ಮಾಡ್ಲಿ ಅಪ್ಪಾ, ಅಮ್ಮ ಪನೀರ್ ಬದ್ಲು ಅದನ್ನೇ ಹಾಕ್ತಿದ್ಲಲ್ಲ" ಎಂದಳು. ಆದರೆ ಸಾಲು ಸರಿಯಾಗಿತ್ತು. ನಾಲ್ಕು ಸಾಲು ನೀರಿನಿಂದ ಮೇಲೆ ಬಂತು:

ಹೊತ್ತು ಮೂಡೈತಿ ಕಿತ್ತೂರ ಕಿಲ್ಲೇದ ಮ್ಯಾಲ
ಕೆಂಪಂಗಿ ದಂಡು ಬಂದು ನಿಂತೈತಿ ಕೆಳಗ
ತೋಪು ತಂದಾರ, ತೋಪಿನ ಬಾಯಿ ತೆರೆದಾರ
ಬಾಗಿಲ ತೆಗಿರೆಂದು ಬೊಬ್ಬಿ ಹೊಡೆದಾರ

ಊರಿಗೆ ವಾಪಸು ಬಂದ ಮೇಲೆ ಬಸ್ಸು ಹಿಡಿದು ಡೆವನ್ ಅವೆನ್ಯೂಗೆ ಹೋದೆ. ಅಂಗಡಿಯ ಕೌಂಟರಿನಲ್ಲಿ ಅನುಸೂಯಮ್ಮ ಈಗಲೂ ಇದ್ದಾರೆ. ನೀನು ಅವರಿಗೆ ಹಾಡು ಹೇಳಿದ್ದು ನನಗೆ ಗೊತ್ತೇ ಇರಲಿಲ್ಲ, ನಾನು ಯಾವಾಗಲೂ ಹೊರಗೆ ಕಾರಿಗೆ ಜಾಗ ಹುಡುಕುತ್ತ ಸುತ್ತುತ್ತಿದ್ದೆನಲ್ಲ. "ಜಯಕ್ಕ ಮೆಂತ್ಯ ಆರಿಸ್ತಾ ಹಾಡೋರು ರೀ. ನಿಮ್ಮ ಕಡೆ ಭಾಷೆ, ನಂಗೆ ಅರ್ಧ ಅರ್ಥ ಆಗ್ತಿರ್ಲಿಲ್ಲ. ಆದ್ರೂ ಬಾಯಿಗೆ ಬಂದ್ಬಿಟ್ಟಿದೆ ನೋಡಿ" ಎಂದರು. ಮೈಸೂರಿನ ಅವರ ಬಾಯಲ್ಲಿ ನಿನ್ನ ಪದ ಮೆತ್ತಗಾಗಿತ್ತು. ಕೊತ್ತಂಬರಿ ಕೊಳ್ಳಲು ಬಂದವರು ಸಾಲಿನಲ್ಲಿ ಕಾದರು, ಯಾರೂ ಬೇಗ ಮಾಡಿ ಎನ್ನಲಿಲ್ಲ. ಪದದ ನಡುವಿನ ಭಾಗ ಪೂರ್ತಿ ಅಲ್ಲಿ ಸಿಕ್ಕಿತು, ರಾಣಿ ಕುದುರೆಯ ಕುತ್ತಿಗೆ ಸವರುವುದು, ಕೋಟೆಯೊಳಗೆ ಎಲ್ಲರೂ ಉಸಿರು ಹಿಡಿದು ನಿಲ್ಲುವುದು, ಎಲ್ಲ. ಫೋನಿನಲ್ಲಿ ಜಾನ್ವಿಗೆ ಹೇಳಿದೆ. ಅವಳು ಆ ಭಾಗಕ್ಕೆ 'ಡೆವನ್' ಎಂದು ಹೆಸರಿಟ್ಟಳು, ಆಲ್ಬನಿಯ ಹಾಗೆ.

ಕೊನೆಗೆ ನಿನ್ನ ಅಣ್ಣ. ಡಾಕ್ಟರ್ ಸಂಗನಬಸಪ್ಪನವರಿಗೆ ಅಪ್ಪನ ದಪ್ಪು, ಪದ, ಜಾತ್ರೆಯ ಕಟ್ಟೆ ಎಂದರೆ ಮೊದಲಿನಿಂದ ನಾಚಿಕೆ ಎಂದು ನೀನೇ ಹೇಳುತ್ತಿದ್ದೆ. "ನನಗೇನೂ ನೆನಪಿಲ್ಲ ಮೌಳಿ, ಬಿಡು" ಎಂದರು. ಅರೋರಾದ ಬಾಲಾಜಿ ಗುಡಿಯಿಂದ ಹೊರಗೆ ಬಂದು ಪಾರ್ಕಿಂಗಿನಲ್ಲಿ ಕಾರಿಗೆ ಕೂತ ಮೇಲೆ, ಕೀಲಿ ತಿರುಗಿಸದೆ ಸುತ್ತಲೂ ನೋಡಿದರು. ಆಮೇಲೆ, "ಕಿಟಕಿ ಏರ್ಸು. ಯಾರರ ಪೇಷಂಟು ಕೇಳಿದ್ರ ಏನಂದಾರು" ಎಂದರು. ಕಿಟಕಿ ಏರಿಸಿದೆ. ಸ್ಟಿಯರಿಂಗಿನ ಮೇಲೆ ಬೆರಳಿನಿಂದ ದಪ್ಪು ಬಡಿಯುತ್ತ ಹಾಡಿದರು. ಜಯಾ, ಅದು ನಿನ್ನ ಅಪ್ಪನ ದನಿ. ನಮ್ಮ ಮದುವೆಯಲ್ಲಿ ಕೇಳಿದ ಆ ದನಿಯೇ. ಕಾರಿನ ಗಾಜಿಗೆಲ್ಲ ಹಬೆ ಕಟ್ಟಿತು. ಕೊನೆಯ ಭಾಗ ಅವರಲ್ಲಿತ್ತು:

ಬತ್ತಿ ಕೈಯಾಗ ಉಳಿದೈತಿ, ಬೆಂಕಿ ದೂರ ಉಳಿದೈತಿ
ತೋಪಿನವನ ಕಣ್ಣಾಗ ಕಿತ್ತೂರ ತುಂಬೈತಿ

ಅದಕ್ಕೂ ಮುಂಚಿನ ಒಂದು ಸಾಲು, ಬಾಗಿಲು ತೆರೆಯುವ ಸಾಲು, ಯಾರ ಹತ್ತಿರವೂ ಇಲ್ಲ. "ಅಲ್ಲಿ ಅಪ್ಪ ಏನಂತಿದ್ನೋ ಏನೋ, ಜನಾ ಶೀಟಿ ಹೊಡೀತಿದ್ರು, ಒಂದ ದಿನಾನೂ ಕೇಳ್ಸಿಲ್ಲ" ಎಂದರು ನಿನ್ನ ಅಣ್ಣ. "ಅಲ್ಲಿಗೆ ಬಂದ್ರೆ ನಾನೇ ಚಪ್ಪಾಳೆ ಹೊಡ್ದುಬಿಡ್ತಿದ್ನಲ್ಲ ರೀ" ಎಂದರು ಅನುಸೂಯಮ್ಮ. ಸ್ಮಿತಾ, "ಕರೆಕ್ಟಾಗಿ ಅಲ್ಲೇ ಅಮ್ಮ ಜಡೆ ಎಳೆದು ರಿಬ್ಬನ್ ಕಟ್ತಿದ್ಲು, ನಾನು ಕಿರಿಚ್ತಿದ್ದೆ" ಎಂದಳು. ನಾನು? ಆ ಸಾಲಿಗೆ ಮಾತ್ರ ನೀನು ಹಿಂದಿರುಗಿ ನನ್ನನ್ನು ನೋಡುತ್ತಿದ್ದೆ. ಇಡೀ ಪದದಲ್ಲಿ ಅದೊಂದೇ ಸಲ. ನಿನ್ನ ತುಟಿ ಆಡುವುದು ಕಾಣುತ್ತಿತ್ತು. ಸುತ್ತಲೂ ಬರೀ ಚಪ್ಪಾಳೆ.

ಮಂಗಳವಾರ ಮಾರ್ಚ್ ಹದಿನೇಳು. ಇನ್ನೂರೈವತ್ತು ವರ್ಷದ ಹಿಂದೆ ಅದೇ ದಿನ ಇಂಗ್ಲಿಷರು ಬಾಸ್ಟನ್ ಬಿಟ್ಟು ಹಡಗು ಹತ್ತಿದರಂತೆ. ಅಷ್ಟು ದೂರದಿಂದ ಎಳೆದು ತಂದ ತೋಪುಗಳು ಊರಿನ ಎತ್ತರದ ಗುಡ್ಡ ಏರಿ ಕೂತದ್ದನ್ನು ನೋಡಿ, ಆ ಗುಡ್ಡಕ್ಕಾಗಿ ಕಾದಾಡದೆಯೇ ಹೊರಟುಹೋದರು. ಜಾನ್ವಿಯ ಸರದಿ ಅಂದೇ ಇತ್ತು, ನಾನು ಮತ್ತೆ ನೋವೈಗೆ ಹೋಗಿದ್ದೆ. ಅವಳ ಕ್ಲಾಸಿನಲ್ಲಿ ಮಕ್ಕಳೆಲ್ಲ ಆ ದಿನದ ಬೇರೆ ಯಾವುದೋ ಹಬ್ಬಕ್ಕೆ ಹಸಿರು ಬಟ್ಟೆ ಹಾಕಿದ್ದರು. ಇವಳು ತೋಪಿನ ಕಥೆ ಹೇಳಿದಳು. ಆಮೇಲೆ, ನಮ್ಮ ಅಜ್ಜಿಯ ಊರಿನಲ್ಲೂ ಒಂದು ಮೊದಲ ಯುದ್ಧವಾಯಿತು, ಅಲ್ಲಿ ತೋಪು ಅವರ ಕಡೆ ಇತ್ತು, ಆದರೂ ಆ ದಿನ ನಾವು ಗೆದ್ದೆವು ಎಂದು ಇಂಗ್ಲಿಷಿನಲ್ಲಿ ಹೇಳಿ, ನಿನ್ನ ದಪ್ಪು ಎತ್ತಿಕೊಂಡಳು. ನಾನು ತುಂತುಣಿ ಹಿಡಿದು ಅವಳ ಹಿಂದೆ ನಿಂತೆ.

ಶುರು ಮಾಡುವ ಮೊದಲೇ ಅವಳು ಮಕ್ಕಳಿಗೆ ಹೇಳಿಟ್ಟಿದ್ದಳು. ಒಂದು ಜಾಗದಲ್ಲಿ ನಾನು ದಪ್ಪು ಮೇಲೆತ್ತುತ್ತೇನೆ, ಆಗ ನೀವು ಎಷ್ಟು ಜೋರಾಗಿ ಆಗುತ್ತದೋ ಅಷ್ಟು ಜೋರಾಗಿ ಚಪ್ಪಾಳೆ ಹೊಡೆಯಬೇಕು, ಕಿರಿಚಿದರೂ ಸರಿ, ಅದು ಹಾಡಿನ ಭಾಗ. ಟೀಚರ್ ಕೂಡ ತಲೆಯಾಡಿಸಿದರು.

ಅವಳ ಕನ್ನಡ ತೊದಲು. ಕಿಲ್ಲೇದ ಎನ್ನಲು ಬರುವುದಿಲ್ಲ, ಕಿಲ್ಲೆಡ ಎನ್ನುತ್ತಾಳೆ. ಆದರೆ ಹೆಗಲು ಇಳಿಯುತ್ತದೆ ಜಯಾ. ಯಾರೂ ಹೇಳಿಕೊಟ್ಟಿಲ್ಲ. ದಪ್ಪು ಬಡಿಯುವವರಿಗೆ ಅದು ತಾನಾಗಿಯೇ ಬರುತ್ತದೋ ಏನೋ. ಆ ಪುಟ್ಟ ಹೆಗಲು ಇಳಿದಾಗಲೆಲ್ಲ ನಾನು ಗೀಯ ಗಾ ಎತ್ತಿಕೊಂಡೆ. ಟೋಫು ಇಲ್ಲದೆ ತೋಪು ಬಂತು, ಡೆವನ್ ಬಂತು, ರಾಣಿ ಕುದುರೆಯ ಕುತ್ತಿಗೆ ಸವರಿದಳು, ಎಲ್ಲರೂ ಉಸಿರು ಹಿಡಿದರು. ಜಾನ್ವಿ ದಪ್ಪು ಮೇಲೆತ್ತಿದಳು. ಹಸಿರು ಬಟ್ಟೆಯ ಮಕ್ಕಳು ಬೆಂಚು ಬಡಿದರು, ಕೂಗಿದರು, ಪಕ್ಕದ ಕ್ಲಾಸಿನವರು ಬಾಗಿಲಿಗೆ ಬಂದು ನಿಂತರು. ಆ ಗದ್ದಲದಲ್ಲಿ ಅವಳು ಹಿಂದಿರುಗಿ ನನ್ನನ್ನು ನೋಡಿದಳು. ಅಜ್ಜ ಸರಿಯಾಗಿ ಬಾರಿಸುತ್ತಿದ್ದಾನೋ ಇಲ್ಲವೋ ಎಂದು ನೋಡಲಿಕ್ಕೆ ಇರಬೇಕು. ನೀನೂ ಅಷ್ಟಕ್ಕೇ ನೋಡುತ್ತಿದ್ದೆಯೇನೋ, ನಾನು ಇಷ್ಟು ವರ್ಷ ಬೇರೆ ಏನೋ ಅಂದುಕೊಂಡಿದ್ದೆ. ಅವಳ ತುಟಿ ಆಡಿತು. ಒಂದು ಪೂರ್ತಿ ಸಾಲಿನಷ್ಟು ಹೊತ್ತು ಆಡಿತು.

ನನಗೆ ಏನೂ ಕೇಳಿಸಲಿಲ್ಲ.

ಮನೆಗೆ ಹೋಗುವಾಗ ಕಾರಿನಲ್ಲಿ ಕೇಳಿದೆ, ಅಲ್ಲಿ ಏನಂದಿ ಪುಟ್ಟಿ? ಅವಳು ಕಿಟಕಿಯ ಹೊರಗೆ ಕರಗುತ್ತಿದ್ದ ಹಿಮ ನೋಡುತ್ತ, "ದಟ್ಸ್ ಬಿಟ್ವೀನ್ ಮಿ ಅಂಡ್ ಅಜ್ಜಿ" ಎಂದಳು.

ಹಾಗಾದರೆ ನಿನಗೆ ಗೊತ್ತಿರುತ್ತದೆ. ನನಗೆ ಹೇಳಬೇಡ. ನಾನು ಹಿಂದೆ ನಿಲ್ಲುವವನು, ನನಗೆ ಅಷ್ಟು ಸಾಕು. ಡಿಸೆಂಬರಿನ ವಿಷಯ ಈ ಪತ್ರದಲ್ಲಿ ಇನ್ನು ಬರೆಯುವುದಿಲ್ಲ, ನಿನ್ನ ಅಪ್ಪನ ಹಾಗೆ ಅಕ್ಟೋಬರಕ್ಕೆ ನಿಲ್ಲಿಸುತ್ತೇನೆ. ನೀನಿರುವಲ್ಲಿ ಚಳಿ ಇರದಿರಲಿ, ನಿನ್ನ ಅಪ್ಪ ಜೊತೆಗಿರಲಿ, ಕೇಳುವವರು ಫೋನು ಕಿಸೆಯಲ್ಲಿ ಇಟ್ಟುಕೊಂಡಿರಲಿ. ನೀನು ಶುರು ಮಾಡು. ಹೆಗಲು ಇಳಿದಾಗ ನಾನು ಇದ್ದೇನೆ.

ಒಂದೇ ಮಾತಿನ ನಿನ್ನ ಹಿಮ್ಮೇಳದವನು,
ಚಂದ್ರಮೌಳಿ